ಅಯ್ನೋರ ಬಚ್ಚಲಿನ ಗೂಡು

ಏಕಾಂತಯ್ಯನವರ ವಿಷಯ ಬಂದರೆ ನನಗೆ ಇವತ್ತಿಗೂ ಮೊದಲು ಸಿಟ್ಟು ಬರುತ್ತೆ, ಆಮೇಲೆ ಅಯ್ಯೋ ಪಾಪ ಅನ್ನಿಸುತ್ತೆ. ಎರಡರಲ್ಲಿ ಯಾವುದು ಜಾಸ್ತಿ ಅಂತ ಕೇಳಬೇಡಿ. ಒಂಟಿಕೊಪ್ಪಲಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಕಾಂಪೌಂಡ್ ಗೋಡೆ. ಅವರು ಆ ಕಡೆ ಒಗ್ಗರಣೆ ಹಾಕಿದ್ರೆ ನಮಗೆ ಈ ಕಡೆ ಸೀನು. ಅವರು ಜಂಗಮರು, ನಾವು ಗೌಡರು. ನಮ್ಮ ಯಜಮಾನರು ನಿಂಗಯ್ಯ ರೈಲ್ವೆ ವರ್ಕ್‌ಶಾಪಿಗೆ ಹೋಗ್ತಿದ್ರು, ನಾನು ಹಸು ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕ್ತಿದ್ದೆ. ಚಲುವಮ್ಮನ ಹಾಲು ಅಂದ್ರೆ ನೀರು ಬೆರೆಸದ ಹಾಲು ಅಂತ ಹೆಸರಿತ್ತು. ಏಕಾಂತಯ್ಯನವರನ್ನ ಬೀದಿಯವರೆಲ್ಲ ಅಯ್ನೋರು ಅಂತಲೇ ಕರೀತಿದ್ದಿದ್ದು.

ಅಯ್ನೋರದು ಮಾರ್ಕೆಟ್ಟಿನ ಹತ್ತಿರ ಒಂದು ಚಿಕ್ಕ ಅಂಗಡಿ. ವಿಭೂತಿ ಗಟ್ಟಿ, ರುದ್ರಾಕ್ಷಿ, ಊದುಬತ್ತಿ, ಲಿಂಗ ಇಟ್ಟುಕೊಳ್ಳೋ ಬೆಳ್ಳಿ ಕರಡಿಗೆ, ಅದನ್ನ ಕೊರಳಿಗೆ ಕಟ್ಟಿಕೊಳ್ಳೋ ಶಿವದಾರ, ಇಂಥವೆಲ್ಲ ಮಾರೋರು. ಅವರ ಜನದಲ್ಲಿ ಕೂಸು ಹುಟ್ಟಿದರೆ ಲಿಂಗ ಕಟ್ಟಬೇಕು. ಆ ಸುತ್ತಿನಲ್ಲಿ ಅದಕ್ಕೆ ಅಯ್ನೋರೇ ಬರಬೇಕು. ಕಟ್ಟಿದ ಮೇಲೆ ಬಾಣಂತಿಗೆ ಒಂದು ಮಾತು ಹೇಳೋರು. "ಇದು ಬರೀ ಕಲ್ಲಲ್ಲ ತಾಯಿ, ಇದೇ ಪ್ರಾಣ. ಸತ್ತು ಮಣ್ಣಿಗೆ ಹೋಗೋವಾಗಲೂ ಇದು ಜೊತೆಗೇ ಹೋಗಬೇಕು. ಒಂದು ಗಳಿಗೆ ಮೈಯಿಂದ ಇಳಿಸಿದರೂ ಆ ಮನುಷ್ಯ ಇದ್ದೂ ಸತ್ತಂಗೆ." ನಾನು ಹಾಲಿನ ಕ್ಯಾನು ಹಿಡ್ಕೊಂಡು ಎಷ್ಟು ಬಾಗಿಲಲ್ಲಿ ನಿಂತು ಈ ಮಾತು ಕೇಳಿದ್ದೀನೋ.

ಅವರ ಒಬ್ಬನೇ ಮಗ ಶಿವಕುಮಾರ. ತಾಯಿಯಿಲ್ಲದ ಹುಡುಗ, ನಮ್ಮ ಕೊಟ್ಟಿಗೆಯಲ್ಲೇ ಅರ್ಧ ಬೆಳೆದವನು. ಅವನು ಕಾಲೇಜು ಮುಗಿಸಿದ ವರ್ಷ ಶಿವರಾತ್ರಿಗೆ ಅವರ ಮನೇಲಿ ನೆಂಟರೆಲ್ಲ ಸೇರಿದ್ರು. ಅಯ್ನೋರ ದೊಡ್ಡಪ್ಪನ ಮಗ ರುದ್ರಸ್ವಾಮಿಯವರು ನಂಜನಗೂಡಿಂದ ಬಂದಿದ್ರು. ಅವರು ಅಂದ್ರೆ ಕುಲದಲ್ಲಿ ಎಲ್ಲರಿಗೂ ಹೆದರಿಕೆ. ಹುಡುಗ ಸ್ನಾನ ಮಾಡಿ, ಬಂದೋರಿಗೆ ನೀರು ಕೊಡೋ ಗಡಿಬಿಡೀಲಿ ಕರಡಿಗೆಯನ್ನ ಬಚ್ಚಲಮನೆ ಮೊಳೇಲೇ ಬಿಟ್ಟು ಬಂದುಬಿಟ್ಟಿದ್ದ. ಅಯ್ನೋರು ಕೈಕಾಲು ತೊಳೆಯೋಕೆ ಹೋದೋರು ಅದನ್ನ ನೋಡಿದ್ರು. ತಂದು ಅವನ ಕೈಗೆ ಕೊಟ್ಟಿದ್ರೆ ಮುಗೀತಿತ್ತು. ಈ ಮಹಾರಾಯ ಏನು ಮಾಡಿದ್ರು ಅಂತೀರಿ, ದಾರ ಬೆರಳಿಗೆ ಸಿಕ್ಕಿಸ್ಕೊಂಡು ನೆಂಟರ ಮಧ್ಯಕ್ಕೆ ಬಂದು ಎತ್ತಿ ಹಿಡಿದ್ರು. "ನೋಡಿ, ಎಲ್ಲರೂ ನೋಡಿ. ನನ್ನ ಮಗ ಬಚ್ಚಲಿಗೆ ಲಿಂಗ ಕಟ್ಟಿದ್ದಾನೆ."

ಯಾರೋ ಕಿಸಕ್ಕಂತ ನಕ್ಕರು. ಹುಡುಗನ ಮುಖ ಸುಣ್ಣ ಬಳಿದಂಗಾಯ್ತು. ಕರಡಿಗೆ ಇಸ್ಕೊಂಡು ಒಳಗೆ ಹೋಗಿ ಟ್ರಂಕಿನಲ್ಲಿಟ್ಟ. ಆಮೇಲೆ ಅವನು ಅದನ್ನ ಕಟ್ಟಲಿಲ್ಲ. ಲಿಂಗ ಇಲ್ಲದೋನು ಅಂತ ಅಯ್ನೋರು ಅವನ ಕೈಯಿಂದ ನೀರು ಇಸ್ಕೊಳ್ಳಲಿಲ್ಲ, ಪೂಜೆ ಸಾಮಾನು ಮುಟ್ಟಿಸಲಿಲ್ಲ. ಅವನಿಗೆ ಕರೆಂಟ್ ಆಫೀಸಲ್ಲಿ ಕೆಲಸ ಸಿಕ್ತು, ಮದುವೆ ಆಯ್ತು, ಸೊಸೆ ಅಕ್ಷತಾ ಬಂದಳು. ಅಪ್ಪ ಮಗ ಒಂದೇ ಸೂರಿನಡಿ ಇದ್ದುಕೊಂಡು ಮಾತಾಡಿದ್ದೆಲ್ಲ ಆ ಹುಡುಗಿ ಮೂಲಕವೇ. "ಅವನಿಗೆ ಹೇಳಮ್ಮ", "ಅವರನ್ನ ಕೇಳು". ಆ ಮನೆಯ ಅಂಚೆ ಪೇದೆ ಅವಳು.

ಅವರ ಬಚ್ಚಲಮನೆ ಹಳೇಕಾಲದ್ದು. ತಾಮ್ರದ ಹಂಡೆ, ಕೆಳಗೆ ಸೌದೆ ಒಲೆ, ಹೊಗೆ ಕುಡಿದು ಕಪ್ಪಾದ ಗೋಡೆ, ಕೂತು ಸ್ನಾನ ಮಾಡೋಕೆ ಒಂದು ಹಾಸುಗಲ್ಲು. ತೊಂಬತ್ತಾರೋ ತೊಂಬತ್ತೇಳೋ ಇರಬೇಕು, ಆ ಕಲ್ಲಿನ ಪಾಚಿ ಮೇಲೆ ಅಯ್ನೋರು ಜಾರಿಬಿದ್ದು ಸೊಂಟ ಉಳುಕಿಸ್ಕೊಂಡ್ರು. ಹದಿನೈದು ದಿನ ಮಲಗಿದ್ರು. ಮಗ ಅಪ್ಪನ ಹತ್ತಿರ ಒಂದು ಮಾತೂ ಆಡಲಿಲ್ಲ. ಆದರೆ ಮೇಸ್ತ್ರಿ ಚಿಕ್ಕಬಸವಯ್ಯನನ್ನ ಕರೆಸಿದ.

ಹಾಲು ಹಾಕೋಕೆ ಹೋದೋಳು ನಾನೂ ಜಗುಲಿ ಮೇಲೆ ಕೂತೆ. ಚಿಕ್ಕಬಸವಯ್ಯ ಇದ್ದಿಲು ತಗೊಂಡು ನೆಲದ ಮೇಲೇ ನಕ್ಷೆ ಬರೆದ. ಇಲ್ಲಿ ಗೀಸರ್ರು, ಇಲ್ಲಿ ಕಮೋಡು, ಇಲ್ಲಿ ಅಯ್ನೋರು ಹಿಡ್ಕೊಂಡು ಏಳೋಕೆ ಸ್ಟೀಲ್ ಕಂಬಿ. ಕುವೆಂಪುನಗರದಲ್ಲಿ ತನ್ನ ಅಕ್ಕನ ಮನೇಲಿರೋ ಥರ ತಿಳಿನೀಲಿ ಟೈಲ್ಸ್ ಬೇಕು ಅಂದಳು ಅಕ್ಷತಾ. ನೀಲಿ ಆದ್ರೆ ಉಪ್ಪುನೀರಿನ ಕಲೆ ಎದ್ದು ಕಾಣುತ್ತೆ ಕಣಮ್ಮ, ಬಿಳೀದು ಹಾಕ್ಸು ಅಂದೆ ನಾನು. ನನ್ನನ್ನ ಯಾರು ಕೇಳಿದ್ರೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಒಳಗೆ ಆರಾಮಕುರ್ಚೀಲಿ ಕೂತಿದ್ದ ಅಯ್ನೋರ ದನಿ ಬಂತು.

"ಹಂಡೆ ತೆಗೀರಿ, ಒಲೆ ಒಡೀರಿ, ನಂದೇನೂ ಅಡ್ಡಿಯಿಲ್ಲ. ಆ ಪಡುವಲ ಗೋಡೆ ಮಾತ್ರ ಮುಟ್ಟಬೇಡಿ."

"ಅದೇ ಗೋಡೆ ಅಯ್ನೋರೇ ತೇವ ಕುಡಿದು ಹೊಟ್ಟೆ ಬಿಟ್ಟಿರೋದು" ಅಂದ ಚಿಕ್ಕಬಸವಯ್ಯ. "ಅದನ್ನ ಉಳಿಸ್ಕೊಂಡ್ರೆ ಹಾಕಿದ ಟೈಲ್ಸೆಲ್ಲ ಕಿತ್ಕೊಂಡು ಬರುತ್ತೆ."

"ಅದರಲ್ಲಿ ಗೂಡಿದೆ. ನಮ್ಮಪ್ಪ ದೀಪ ಇಡ್ತಿದ್ದ ಗೂಡು."

"ಅಕ್ಷತಾ, ಕೇಳು ಅವರನ್ನ" ಅಂದ ಶಿವಕುಮಾರ. "ಬಚ್ಚಲಲ್ಲಿ ಕರೆಂಟ್ ಲೈಟಿದೆಯಲ್ಲ, ದೀಪದ ಗೂಡು ಯಾತಕ್ಕಂತೆ?"

ನಾನು ಕಿಟಕೀಲಿ ಇಣುಕಿದೆ, ಅಯ್ನೋರು ಎದೆ ಮೇಲಿನ ಕರಡಿಗೆ ಮುಟ್ಟಿ ನೋಡ್ಕೊಂಡ್ರು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಂಗೆ. ಆವತ್ತು ನನಗೆ ಅದು ಹೊಳೀಲಿಲ್ಲ. "ನಿಮಗೆ ಹೆಂಗೆ ಬೇಕೋ ಹಂಗೆ ಮಾಡ್ಕೊಳ್ಳಿ" ಅಂದ್ರು. ವಿಜಯನಗರದಲ್ಲಿ ನಮ್ಮದೊಂದು ಸೈಟಿತ್ತು, ತಗ್ಗು, ಮಳೆ ಬಂದರೆ ಎಮ್ಮೆ ಬಿಡಬಹುದು ಅನ್ನೋ ಹಾಗಿತ್ತು. ಒಡೆದ ಕಲ್ಲುಮಣ್ಣೆಲ್ಲ ಅಲ್ಲಿಗೆ ಸುರಿಸಿಬಿಡು ಅಂತ ಚಿಕ್ಕಬಸವಯ್ಯನಿಗೆ ನಾನೇ ಹೇಳಿದೆ.

ಒಡೆಯೋ ದಿನ ಆಳುಗಳು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದ್ರು. ನಾನು ಹಿತ್ತಲಲ್ಲಿ ಹಸು ಮೈ ತೊಳೀತಿದ್ದೆ, ಗೋಡೆಯಾಚೆ ಎಲ್ಲ ಕಾಣ್ತಿತ್ತು. ಅಯ್ನೋರು ಸ್ನಾನಕ್ಕೆ ಹೋಗಿದ್ರು. ಬೇಗ ಮುಗಿಸಬೇಕಂತೆ ಅಂತ ಅಕ್ಷತಾ ಬಾಗಿಲು ತಟ್ಟಿದಳು. ಅಯ್ನೋರು ಒದ್ದೆ ಮೈಮೇಲೇ ಪಂಚೆ ಸುತ್ತಿ, ಟವೆಲ್ ಹೊದ್ದು ಆಚೆ ಬಂದ್ರು. ಬಂದೋರು ಪೂಜೆಗೆ ಹೋಗಬೇಕಿತ್ತು, ಹೋಗಲಿಲ್ಲ. ಅಲ್ಲೇ ಬಿಲ್ವದ ಮರದ ಹತ್ತಿರ ನಿಂತ್ಕೊಂಡ್ರು. ಆಳುಗಳು ಸೀದಾ ಒಳಗೆ ನುಗ್ಗಿದ್ರು, ಶಿವಕುಮಾರ ಬಾಗಿಲಲ್ಲಿ ನಿಂತು ಹೇಳಿಕೊಡ್ತಿದ್ದ. ಮೊದಲು ಪಡುವಲ ಗೋಡೆಯನ್ನೇ ಕೆಡವಿದ್ರು. ಗೋಡೆ ಧಡಾರಂತ ಬಿತ್ತು. ಅಯ್ನೋರು ಒಂದು ಹೆಜ್ಜೆ ಮುಂದೆ ಇಟ್ಟು ಬಾಯಿ ತೆರೆದ್ರು. ಮಗನ ಬೆನ್ನು ನೋಡಿ ಮುಚ್ಚಿಕೊಂಡ್ರು. ಟ್ರ್ಯಾಕ್ಟರಿಗೆ ಮಣ್ಣು ತುಂಬೋವರೆಗೂ ಆ ಒದ್ದೆ ಮೈಯಲ್ಲಿ ನಿಂತೇ ಇದ್ರು. ಹಳೇ ಮನೆ ಮೇಲೆ ಮಮಕಾರ ಇರಬೇಕು ಅಂತ ನಾನಂದ್ಕೊಂಡೆ.

ಮಾರನೇ ಬೆಳಿಗ್ಗೆ ನೋಡ್ತೀನಿ, ಅಯ್ನೋರು ಗೋಡೆ ಮೇಲಿಂದ ಕೈ ಚಾಚಿ ನಮ್ಮ ಹಸುವಿಗೆ ಉಪ್ಪಿಟ್ಟು ತಿನ್ನಿಸ್ತಿದ್ದಾರೆ. ಹಸುವಿಗೂ ಬಾಯಿ ರುಚಿ ಕಲಿಸ್ತೀರಾ ಅಂತ ತಮಾಷೆ ಮಾಡಿದೆ. ಹೊಟ್ಟೆ ಸರಿಯಿಲ್ಲ ತಾಯಿ ಅಂದ್ರು. ಅದರ ಮಾರನೇ ದಿನ ರೊಟ್ಟಿ ತಿನ್ನಿಸಿದ್ರು. ಮುಖ ಬತ್ತಿ ಹೋಗಿತ್ತು. ಅಕ್ಷತಾನ ಕೇಳಿದ್ರೆ, ಮಾವನವರು ಚೆನ್ನಾಗಿದ್ದಾರಲ್ಲ, ಪೂಜೆ ಮಾಡ್ತಾರೆ, ತಟ್ಟೆ ಖಾಲಿ ಮಾಡ್ತಾರೆ, ಅಂಗಡಿಗೆ ಹೋಗ್ತಾರೆ ಅಂದಳು. ತಟ್ಟೆ ಖಾಲಿ ಮಾಡ್ತಿದ್ದೋಳು ನನ್ನ ಹಸು ಅಂತ ಆ ಹುಡುಗಿಗೇನು ಗೊತ್ತು.

ಆವತ್ತು ಮಧ್ಯಾಹ್ನ ಮಣ್ಣು ಹರಡಿಸೋಣ ಅಂತ ವಿಜಯನಗರದ ಸೈಟಿಗೆ ಹೋದೆ. ದೂರದಿಂದ ಯಾರೋ ಗುಡ್ಡೆ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದು ಕಾಣ್ತು. ಕಬ್ಬಿಣ ಆಯೋರು ಅಂದ್ಕೊಂಡು, "ಏಯ್, ಯಾರದು ನಮ್ಮ ಸೈಟಲ್ಲಿ" ಅಂತ ಕೂಗಿದೆ. ತಿರುಗಿದ್ರೆ ಅಯ್ನೋರು. ಹಣೆ ತುಂಬ ವಿಭೂತಿ, ಕೈಯೆಲ್ಲ ಮಸಿ, ಉಗುರಲ್ಲಿ ರಕ್ತ. ಸೊಂಟ ಉಳುಕಿದ ಮುದುಕ ಇಟ್ಟಿಗೆ ಒಂದೊಂದೇ ಎತ್ತಿಡ್ತಿದ್ರು.

"ಏನು ಹುಡುಕ್ತಿದ್ದೀರಿ ಅಯ್ನೋರೇ?"

ಇನ್ನೊಂದು ಇಟ್ಟಿಗೆ ಎತ್ತಿಟ್ರು. ನಾನು ಬಿಡೋಳಲ್ಲ. ಎರಡು ಸಲ ಕೇಳಿದೆ, ಮೂರನೇ ಸಲಕ್ಕೆ ಮುಖ ಮುಚ್ಚಿಕೊಂಡು ಬಿಕ್ಕಿದ್ರು. ಅವರು ಅತ್ತಿದ್ದು ನಾನು ಯಾವತ್ತೂ ಕಂಡಿರಲಿಲ್ಲ, ಹೆಂಡತಿ ಸತ್ತಾಗಲೂ.

"ಲಿಂಗ, ತಾಯಿ. ಗೂಡಲ್ಲಿತ್ತು."

ನನಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡೀತು. ಆಮೇಲೆ ಎಲ್ಲ ಹೇಳಿದ್ರು. ಹರೇದಲ್ಲೇ ಒದ್ದೆ ಶಿವದಾರ ಉಜ್ಜಿ ಉಜ್ಜಿ ಕುತ್ತಿಗೆ ಹುಣ್ಣಾಗ್ತಿತ್ತಂತೆ. ಒಂದು ದಿನ ಸ್ನಾನ ಮಾಡುವಷ್ಟು ಹೊತ್ತು ತೆಗೆದು ಗೂಡಲ್ಲಿಟ್ರಂತೆ. ಅಭ್ಯಾಸ ಆಯ್ತು. ಚಿಲಕ ಹಾಕಿದ ಬಾಗಿಲ ಹಿಂದೆ ಯಾರು ನೋಡ್ತಾರೆ. ಒಡೆಯೋ ದಿನ ಅಕ್ಷತಾ ಬಾಗಿಲು ತಟ್ಟಿದ ಗಾಬರೀಲಿ ಮರೆತು ಆಚೆ ಬಂದ್ರು. ನೆನಪಾಗಿ ತಿರುಗೋ ಹೊತ್ತಿಗೆ ಆಳುಗಳು ಒಳಗೆ, ಮಗ ಬಾಗಿಲಲ್ಲಿ.

"ಟೀ ಕುಡಿಯೋಕೆ ಎದ್ದಾಗ ತಗೊಳ್ಳೋಣ ಅಂತ ನಿಂತೆ. ಅವರು ಅದೇ ಗೋಡೆಗೆ ಕೈ ಹಾಕಿದ್ರು. ತಡೀರಪ್ಪ ಅಂದಿದ್ರೆ ಸಾಕಿತ್ತು ಕಣಮ್ಮ, ಒಂದೇ ಮಾತು. ಅವನಿದ್ದ. ಅವನ ಮುಂದೆ ಹೋಗಿ ಆ ಗೂಡಿಂದ ಹೆಂಗೆ ತೆಗೀಲಿ? ನನ್ನ ಪ್ರಾಣ ಒಡೆದು ಬೀಳ್ತಿದ್ರೂ ಬಾಯಿ ಬಿಡಲಿಲ್ಲ."

"ಮತ್ತೆ ಮನೇಲಿ ದಿನಾ ಪೂಜೆ ಮಾಡ್ತಿದ್ದೀರಂತೆ?"

"ಅಂಗೈ ಮೇಲೆ ಬಟ್ಟೆ ಮುಚ್ಚಿ ಕೂತ್ಕೊತೀನಿ. ಖಾಲಿ ಅಂಗೈಗೆ ಬಿಲ್ವಪತ್ರೆ ಇಡ್ತೀನಿ. ಲಿಂಗಪೂಜೆ ಇಲ್ಲದೆ ಅನ್ನ ಮುಟ್ಟಂಗಿಲ್ಲ, ಮುಟ್ಟಿಲ್ಲ. ನೀರು ಮಾತ್ರ ತಡೀಲಾರದೆ ಕುಡಿದೆ. ಅದೂ ತಪ್ಪೇ."

ನನಗೆ ಸಿಟ್ಟು ನೆತ್ತಿಗೇರಿತು. ಶಾಸ್ತ್ರ ಹೇಳೋದು, ಬದನೆಕಾಯಿ ತಿನ್ನೋದು. ಆ ಹುಡುಗನನ್ನ ಇಷ್ಟು ವರ್ಷ ಮೂಲೆಗೆಸೆದ ಹರಕು ಬಟ್ಟೆ ಥರ ಇಟ್ಟಿದ್ರಲ್ಲ, ಇದಕ್ಕಾ ಅಂತ ಕೇಳಬೇಕು ಅಂತ ಬಾಯಿಗೆ ಬಂತು. ಆ ರಕ್ತ ಸುರಿಯೋ ಉಗುರು ನೋಡಿ ನುಂಗಿಕೊಂಡೆ. ಮಠಕ್ಕೆ ಹೋಗಿ ಬೇರೆ ಲಿಂಗ ಕಟ್ಟಿಸ್ಕೊಳ್ಳಿ, ಯಾರೂ ಬೇಡ ಅನ್ನಲ್ಲ ಅಂದೆ.

"ಹೆಂಗೆ ಹೋಯ್ತು ಅಂತ ಕೇಳ್ತಾರಲ್ಲ. ಗುರುಗಳ ಮುಂದೆ ಸುಳ್ಳು ಹೇಳಲಾ? ನಿಜ ಹೇಳಿದ್ರೆ ರುದ್ರಸ್ವಾಮಿಗೆ ಗೊತ್ತಾಗುತ್ತೆ, ಊರಿಗೇ ಗೊತ್ತಾಗುತ್ತೆ. ಅವನಿಗೆ ಗೊತ್ತಾಗುತ್ತೆ." ನನ್ನ ಕಾಲು ಮುಟ್ಟೋಕೆ ಬಗ್ಗಿದ್ರು. "ಯಾರಿಗೂ ಹೇಳಬೇಡ ಚಲುವಮ್ಮ. ಸಿಕ್ಕರೆ ಸರಿ. ಸಿಗದಿದ್ರೆ ನಾನು ಹಿಂಗೇ ಹೋಗಿಬುಡ್ತೀನಿ."

ಹೇಳಲ್ಲ ಅಂತ ಮಾತು ಕೊಟ್ಟೆ. ಕತ್ತಲಾಗೋವರೆಗೂ ಇಬ್ಬರೂ ಹುಡುಕಿದ್ವಿ, ಸಿಗಲಿಲ್ಲ. ವಾಪಸ್ ಬರ್ತಾ ಅಯ್ನೋರು ದಾರೀಲಿ ಎರಡು ಸಲ ತಲೆ ಸುತ್ತಿ ಕೂತ್ರು. ಮಾತು ಉಳಿಸ್ಕೊಂಡು ಹೆಣ ಹೊರಲಾ? ಬೆಳಿಗ್ಗೆ ಶಿವಕುಮಾರ ಗೇಟಿನ ಹತ್ತಿರ ಸ್ಕೂಟರ್ ಸ್ಟಾರ್ಟ್ ಮಾಡ್ತಿದ್ದ. ಹೋಗಿ ಎಲ್ಲ ಹೇಳಿಬಿಟ್ಟೆ. ಅದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ.

ಮೊದಲು ಅವನು ನಕ್ಕ. ಚಿಕ್ಕ ನಗು, ಕೇಳೋಕೆ ಚೆನ್ನಾಗಿರಲಿಲ್ಲ. "ಅದಕ್ಕೇ ಆ ಗೋಡೆ ಮುಟ್ಟಬೇಡಿ ಅಂದ್ರಾ?" ಅಂದ. ಆಮೇಲೆ ಸ್ಕೂಟರ್ ಆಫ್ ಮಾಡಿದ. "ಅಷ್ಟು ಜನದ ಮುಂದೆ ಎತ್ತಿ ತೋರಿಸಿದ್ರಲ್ಲ ಚಲುವಕ್ಕ. ಆಗಲೂ ಇವರು..." ಅಂದ. ಈಗ ಒಳಗೆ ನುಗ್ಗಿ ಮುದುಕನ್ನ ಬೀದಿಗೆ ಎಳೀತಾನೆ, ಎಳೀಲಿ, ಅವನಿಗೆ ಹಕ್ಕಿದೆ ಅಂತ ನಾನು ಗೇಟು ಹಿಡ್ಕೊಂಡು ನಿಂತೆ. ಅವನು ಹಿತ್ತಲಿಗೆ ಹೋಗಿ ಚಿಕ್ಕಬಸವಯ್ಯನ ಮರಳು ಜರಡಿ ತಗೊಂಡು ಬಂದ. ಅಯ್ನೋರು ಮನೇಲಿರಲಿಲ್ಲ, ಬೆಳಗಾಗ್ತಲೇ ಸೈಟಿಗೆ ಹೊರಟಿದ್ರಂತೆ. "ಹಿಂದೆ ಕೂತ್ಕೊಳ್ಳಿ ಚಲುವಕ್ಕ" ಅಂದ.

ಸ್ಕೂಟರ್ ಸದ್ದು ಕೇಳಿ ಅಯ್ನೋರು ಗುಡ್ಡೆ ಮೇಲೆ ಎದ್ದು ನಿಂತ್ರು. ಮಸಿ ಹಿಡಿದ ಕೈ ಎರಡನ್ನೂ ಬೆನ್ನ ಹಿಂದೆ ಅಡಗಿಸ್ಕೊಂಡ್ರು, ಬೆಲ್ಲ ಕದ್ದ ಮಗುವಿನ ಹಂಗೆ. "ಹೇಳಿಬುಟ್ಟೆಯಾ ತಾಯಿ" ಅಂದ್ರು. ನಾನು ಹೂಂ ಅಂದೆ. ಶಿವಕುಮಾರ ಅವರ ಕಡೆ ನೋಡಲಿಲ್ಲ. ಪ್ಯಾಂಟು ಮಡಚಿಕೊಂಡು ಮಣ್ಣು ಜರಡಿಗೆ ಹಾಕೋಕೆ ಶುರು ಮಾಡಿದ. ಅಯ್ನೋರು ಒಂದು ಕಲ್ಲಿನ ಮೇಲೆ ಕೂತು ಶಲ್ಯ ತಲೆ ಮೇಲೆಳೆದು ಮುಖ ಮುಚ್ಚಿಕೊಂಡ್ರು. ಒಂದು ಸಲ ಏಳೋಕೆ ಹೋದ್ರು. "ಅವರನ್ನ ಕೂತಿರೋಕೆ ಹೇಳಿ ಚಲುವಕ್ಕ, ಸೊಂಟ ಹಿಡ್ಕೊಳ್ಳುತ್ತೆ" ಅಂದ ಮಗ. ಅಕ್ಷತಾ ಇಲ್ಲದ್ದಕ್ಕೆ ಆವತ್ತು ಅಂಚೆ ಕೆಲಸ ನನಗೆ ಬಿತ್ತು.

ಬಿಸಿಲು ಇಳಿಯೋ ಹೊತ್ತಿಗೆ ಸಿಕ್ತು. ಹೊಗೆ ಹಿಡಿದ ಒಂದು ಗಾರೆ ಹೆಂಟೆಗೆ ದಾರ ಅಂಟಿಕೊಂಡಿತ್ತು. ಕರಡಿಗೆ ಒಂದು ಕಡೆ ಜಜ್ಜಿ ಹೋಗಿತ್ತು, ಒಳಗೆ ಲಿಂಗ ಮುಕ್ಕಾಗಿರಲಿಲ್ಲ. ಶಿವಕುಮಾರ ಅದನ್ನ ಅಂಗಿ ಚುಂಗಲ್ಲಿ ಒರೆಸಿದ. ಅಪ್ಪನ ಹತ್ತಿರ ಹೋಗಿ, ತನ್ನ ಮುಖ ಆ ಕಡೆ ತಿರುಗಿಸ್ಕೊಂಡು, ಕೈ ಮಾತ್ರ ಚಾಚಿದ. ತಾನು ನೋಡಿದ್ರೆ ಅಪ್ಪನಿಗೆ ಇನ್ನೂ ನಾಚಿಕೆ ಅಂತ ಕಾಣುತ್ತೆ. ಅಯ್ನೋರು ಕೈಯೊಡ್ಡಲಿಲ್ಲ, ಬೇಡಿಕೊಳ್ಳೋರ ಹಂಗೆ ಶಲ್ಯದ ಸೆರಗೊಡ್ಡಿದ್ರು. ಪಕ್ಕದ ಸೈಟಿನ ತೊಟ್ಟಿ ನೀರನ್ನ ತಲೆ ಮೇಲೆ ಸುರ್ಕೊಂಡು ಅಲ್ಲೇ ಇಟ್ಟಿಗೆ ಚೂರಿನ ಮೇಲೆ ಕೂತು ಪೂಜೆ ಮಾಡಿದ್ರು. ನಾನು ಬಾಳೆಹಣ್ಣು ತಂದುಕೊಟ್ಟೆ. ನಿಧಾನಕ್ಕೆ ಎರಡು ಹಣ್ಣು ತಿಂದ್ರು.

ಬಚ್ಚಲಮನೆ ಕೆಲಸ ಮುಗೀತು. ಬಿಳೀ ಟೈಲ್ಸೇ ಹಾಕಿಸಿದ್ರು. ಅಯ್ನೋರು ಮೊದಲ ಸ್ನಾನಕ್ಕೆ ಒಳಗೆ ಹೋದೋರು ಎಷ್ಟು ಹೊತ್ತಾದರೂ ನೀರಿನ ಸದ್ದೇ ಇಲ್ಲ. ಮತ್ತೆ ಬಿದ್ರೋ ಏನೋ ಅಂತ ಅಕ್ಷತಾ ನನ್ನನ್ನ ಕೂಗಿದಳು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಳ್ಳಿದ್ರೆ ಅಯ್ನೋರು ಬಟ್ಟೆ ಕೂಡ ತೆಗೆಯದೆ ಗೋಡೆ ನೋಡ್ತಾ ನಿಂತಿದ್ದಾರೆ. ಹೊಸದಾಗಿ ಕಟ್ಟಿದ ಪಡುವಲ ಗೋಡೇಲಿ, ನೀರು ಸಿಡಿಯದಷ್ಟು ಎತ್ತರಕ್ಕೆ ಗೂಡು ಬಿಡಿಸಿದ್ದ ಶಿವಕುಮಾರ. ಒಂದಲ್ಲ, ಅಕ್ಕಪಕ್ಕ ಎರಡು. ಒಳಗೆಲ್ಲ ಟೈಲ್ಸ್ ಕತ್ತರಿಸಿ ಅಚ್ಚುಕಟ್ಟಾಗಿ ಕೂರಿಸಿದ್ದ.

"ಬೈದಿದ್ರೆ ತಡ್ಕೊತಿದ್ದೆ ಕಣಮ್ಮ" ಅಂದ್ರು ಅಯ್ನೋರು. "ಗೂಡು ಕಟ್ಟಿಸಿಬುಟ್ಟ."

ಆಮೇಲೆ ಅಯ್ನೋರು ಲಿಂಗ ಕಟ್ಟೋಕೆ ಹೋಗೋದು ನಿಲ್ಲಿಸಿದ್ರು. ಕರೆಯೋಕೆ ಬಂದೋರಿಗೆ ಮಂಡಿನೋವು ಅನ್ನೋರು. ಮಗನ ಹತ್ತಿರ ಮಾತಾಡಲಿಲ್ಲ, ಆದರೆ ಅದು ಮುಂಚಿನ ಬಿಗುಮಾನವಲ್ಲ. ಅವನು ಒಳಗೆ ಬಂದರೆ ಇವರು ಎದ್ದು ಹೊರಗೆ ಬರೋರು, ಅಷ್ಟು ನಾಚಿಕೆ. ಶಿವಕುಮಾರನ ಕರಡಿಗೆ ಟ್ರಂಕಲ್ಲೇ ಉಳೀತು.

ಮುಂದಿನ ಶಿವರಾತ್ರಿಗೆ ಮತ್ತೆ ನೆಂಟರು ಸೇರಿದ್ರು. ಹಾಲು ಮೊಸರು ಕೊಡೋಕೆ ಹೋದೋಳು ಪಡಸಾಲೆ ಬಾಗಿಲಲ್ಲಿ ನಾನೂ ಇದ್ದೆ. ರುದ್ರಸ್ವಾಮಿಯವರು ಕಾಲು ತೊಳೆದು ಬಂದು ಟವೆಲಲ್ಲಿ ಒರೆಸ್ಕೊಳ್ತಾ, "ಬಚ್ಚಲಮನೆ ಭಾರೀ ಮಾಡಿಸಿದ್ದೀಯಲ್ಲೋ ಏಕಾಂತ, ಅದೇನೋ ಗೋಡೇಲಿ ಎರಡು ಗೂಡು?" ಅಂದ್ರು.

"ಸೋಪಿಗೆ ಮಾವ" ಅಂದಳು ಅಕ್ಷತಾ, ತಟ್ಟನೆ. ಶಿವಕುಮಾರ ಹಣ್ಣಿನ ತಟ್ಟೆ ಹಿಡ್ಕೊಂಡು ನಿಂತಿದ್ದೋನು ಅವನೂ ಹೌದು ಅನ್ನೋ ಹಂಗೆ ತಲೆಯಾಡಿಸಿದ. ಸುಮ್ಮನಿದ್ದಿದ್ರೆ ಅಲ್ಲಿಗೆ ಮುಗೀತಿತ್ತು.

ಅಯ್ನೋರು ತಲೆ ತಗ್ಗಿಸ್ಕೊಂಡೇ ಹೇಳಿದ್ರು. "ಸೋಪಿಗಲ್ಲ ರುದ್ರಣ್ಣ, ಲಿಂಗ ಇಡೋಕೆ. ಒಂದು ನಂದು. ಇವತ್ತು ಬೆಳಿಗ್ಗೆಯೂ ಅಲ್ಲೇ ಇಟ್ಟು ಸ್ನಾನ ಮಾಡಿದ್ದೀನಿ. ನಿಮ್ಮೆಲ್ಲರ ಮುಂದೆ ಅವನ ಮಾನ ತೆಗೆದೆನಲ್ಲ, ಆವತ್ತು ಬೆಳಿಗ್ಗೆಯೂ ಹಂಗೇ ಮಾಡಿದ್ದೆ."

ರುದ್ರಸ್ವಾಮಿಯವರು ಟವೆಲ್ ಕುರ್ಚಿ ಮೇಲೆ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ್ರು. ಅವರ ಹಿಂದೆ ಇನ್ನೂ ಕೆಲವರು ಎದ್ದರು. ಅಯ್ನೋರು ಯಾರನ್ನೂ ತಡೀಲಿಲ್ಲ. ಉಳಿದೋರಲ್ಲಿ ಯಾರೋ ಒಬ್ಬರು ಮೆಲ್ಲಗೆ, "ಇನ್ನೊಂದು ಗೂಡು?" ಅಂತ ಕೇಳಿದ್ರು.

"ನನ್ನ ಮಗಂದು" ಅಂದ್ರು ಅಯ್ನೋರು. "ಅದು ಖಾಲಿ ಇರೋದು ನನ್ನಿಂದ."

ಶಿವಕುಮಾರ ತಟ್ಟೆಯನ್ನ ಮೇಜಿನ ಮೇಲಿಟ್ಟು ಬಚ್ಚಲಮನೆಗೆ ಹೋಗಿ ಬಾಗಿಲು ಹಾಕ್ಕೊಂಡ. ಒಳಗೆ ನಲ್ಲಿ ಬಿಟ್ಟ ಸದ್ದು ತುಂಬಾ ಹೊತ್ತು ಕೇಳ್ತಿತ್ತು. ಆಚೆ ಬಂದಾಗ ಮುಖ ತೊಳೆದಿದ್ದ. ಒಂದು ಲೋಟ ನೀರು ತಂದು ಅಪ್ಪನ ಮುಂದೆ ಹಿಡಿದ. ಅಯ್ನೋರು ಮುಖವೆತ್ತಲಿಲ್ಲ, ಆದರೆ ಲೋಟ ಇಸ್ಕೊಂಡು ಕುಡಿದ್ರು.